ಒಂದು ಹೊಲ, ಒಂದು ದಿನ: ದುರ್ಗದಲ್ಲಿ ಕಡಿಮೆ ಖರ್ಚಿನ ಹಾಡಿನ ಶೂಟಿಂಗ್

[ದೃಶ್ಯ: ಚಿತ್ರದುರ್ಗದ ಹೊರಗಿನ ಒಂದು ಹೊಲ. ಹಿಂದೆ ಬಂಡೆ ಗುಡ್ಡ, ದೂರದಲ್ಲಿ ಗಾಳಿಯಂತ್ರಗಳು.]

ನಮಸ್ಕಾರ. ದಾವಣಗೆರೆ, ದುರ್ಗದ ಕಡೆ ಆಲ್ಬಮ್ ಸಾಂಗ್ ಮಾಡಲು ಹೊರಟವರ ಲೊಕೇಶನ್ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಪಲ್ಲವಿ ದುರ್ಗದ ಕೋಟೆಯಲ್ಲಿ, ಮೊದಲ ಚರಣ ಶಾಂತಿಸಾಗರ ಕೆರೆಯಲ್ಲಿ, ಎರಡನೆಯದು ಮಾರಿಕಣಿವೆ ಅಣೆಕಟ್ಟಿನಲ್ಲಿ, ಕೊನೆಗೆ ಜೋಗಿಮಟ್ಟಿ ಗುಡ್ಡ. ಕೈಯಲ್ಲಿರುವುದು ಮಾತ್ರ ಒಂದು ದಿನ, ಒಂದು ಕ್ಯಾಮೆರಾ, ಕ್ಯಾಮೆರಾ ಅಲುಗದಂತೆ ಹಿಡಿಯಲು ಬಾಡಿಗೆಗೆ ತಂದ ಒಂದು ಗಿಂಬಲ್.

ದಯವಿಟ್ಟು ಆ ಪಟ್ಟಿಯನ್ನು ಪಕ್ಕಕ್ಕಿಡಿ. ಇಷ್ಟು ಓಡಾಡಿದರೆ ಒಳ್ಳೆಯ ಬೆಳಕೆಲ್ಲ ಗಾಡಿಯಲ್ಲಿ ಕೂತಿರುವಾಗಲೇ ಮುಗಿದುಹೋಗುತ್ತದೆ. ದುಡ್ಡು ಕಡಿಮೆ ಇದ್ದಾಗ ಜಾಗ ಬದಲಿಸಬೇಡಿ. ಒಂದೇ ಜಾಗದಲ್ಲಿ ನಿಂತು, ಬದಲಾಗುವ ಬೆಳಕನ್ನು ಬಳಸಿಕೊಳ್ಳಿ.

[ತೆರೆಯ ಮೇಲೆ: ಜಾಗ]

ಕೋಟೆ ನಮ್ಮದೇ, ಹೆಮ್ಮೆಯೂ ಇದೆ. ಆದರೆ ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಟ್ರೈಪಾಡ್ ಇಟ್ಟು, ಹಾಡು ಹಾಕಿ ಶೂಟ್ ಮಾಡಲು ಮೊದಲೇ ಅನುಮತಿ ಬೇಕು. ಜೋಗಿಮಟ್ಟಿ ವನ್ಯಜೀವಿ ಧಾಮ, ಅಲ್ಲಿಗೆ ಅರಣ್ಯ ಇಲಾಖೆಯನ್ನು ಕೇಳಬೇಕು. ಅನುಮತಿ ಸಿಕ್ಕರೆ ಸಂತೋಷ. ಸಿಗದಿದ್ದರೆ ಕದ್ದು ಶೂಟ್ ಮಾಡಬೇಡಿ. ಅರ್ಧಕ್ಕೆ ನಿಲ್ಲಿಸಿದರೆ ಇಡೀ ದಿನ ವ್ಯರ್ಥ.

ಗೆಳೆಯರ, ನೆಂಟರ ಹೊಲ ಕೇಳಿ ನೋಡಿ. ಶೇಂಗಾ ಕಿತ್ತ ಮೇಲೆ, ಮೆಕ್ಕೆಜೋಳ ಮುರಿದ ಮೇಲೆ ಹೊಲ ಖಾಲಿ ಇರುತ್ತದೆ. ಬೆಳೆ ನಿಂತಿದ್ದರೆ ಬದುವಿನ ಮೇಲೆ ಮಾತ್ರ ನಡೆಯಿರಿ. ರೈತರ ಒಂದು ವರ್ಷದ ಅನ್ನ ಅದು. ದುರ್ಗದ ಸುತ್ತ ಒಂದೇ ಹೊಲದಂಚಿನಲ್ಲಿ ಬಂಡೆ, ಬೇವಿನ ಮರ, ಬಂಡಿದಾರಿ, ಹಳೆಯ ಬಾವಿ ಎಲ್ಲ ಸಿಗುತ್ತವೆ. ಕ್ಯಾಮೆರಾ ತಿರುಗಿಸಿದರೆ ನಾಲ್ಕು ಲೊಕೇಶನ್ ಆಯ್ತು, ಅಲ್ವಾ?

[ತೆರೆಯ ಮೇಲೆ: ಬೆಳಕು]

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊರದೇಶದವರ ವಿಡಿಯೋಗಳಲ್ಲಿ 'ಗೋಲ್ಡನ್ ಅವರ್' ಅಂತ ಕೇಳಿರುತ್ತೀರಿ, ಸೂರ್ಯ ಹುಟ್ಟುವಾಗ, ಮುಳುಗುವಾಗ ಬೀಳುವ ಹೊಂಬಿಸಿಲಿನ ಹೊತ್ತು ಅದು. ಅವರ ಕಡೆ ಸೂರ್ಯ ಓರೆಯಾಗಿ ಏರುತ್ತಾನೆ, ಹೊಂಬಿಸಿಲು ಜಾಸ್ತಿ ಹೊತ್ತು ನಿಲ್ಲುತ್ತದೆ. ನಾವಿರುವುದು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ. ಆ ಬಣ್ಣ ಅರ್ಧ ಗಂಟೆಯ ಆಸುಪಾಸು ಸಿಗುತ್ತದೆ, ಅಷ್ಟೇ. ಪೂರ್ವಕ್ಕೆ ಗುಡ್ಡ ಇದ್ದರೆ ಅದರಲ್ಲೂ ಖೋತಾ. ಹಾಗಾಗಿ ಕತ್ತಲಿರುವಾಗಲೇ ಮೇಕಪ್ ಮುಗಿದಿರಬೇಕು. ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ಬಿಸಿಲು ಮೊದಲು ಎಲ್ಲಿ ಬೀಳುತ್ತದೆ ಅಂತ ನೋಡಿ ಬನ್ನಿ.

ನಡುಮಧ್ಯಾಹ್ನ ಏನು ಮಾಡುವುದು? ಏಪ್ರಿಲ್ ಕೊನೆಗೆ, ಆಗಸ್ಟ್ ಮಧ್ಯದಲ್ಲಿ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಇರುತ್ತಾನೆ. ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಕೂರುತ್ತದೆ. ಆಗ ಮುಂದಕ್ಕೆ ಚಾಚಿಕೊಂಡಿರುವ ದೊಡ್ಡ ಬಂಡೆಯ ನೆರಳಿಗೆ ಬನ್ನಿ. ಮುಖವನ್ನು ತೆರೆದ ಆಕಾಶದ ಕಡೆ ತಿರುಗಿಸಿ, ಎದುರಿಗೆ ಒಂದು ಬಿಳಿ ಥರ್ಮಕೋಲ್ ಶೀಟ್ ಹಿಡಿಯಿರಿ. ಕ್ಲೋಸಪ್‌ಗಳನ್ನೆಲ್ಲ ಇಲ್ಲೇ ಮುಗಿಸಬಹುದು. ಬಾಡಿಗೆ ಲೈಟಿಗಿಂತ ನನಗೆ ಈ ಬೆಳಕೇ ಇಷ್ಟ.

ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100. ಈ ಲೆಕ್ಕದಲ್ಲಿ ಕಡು ಬಿಸಿಲಿಗೆ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್ 22ರ ಹತ್ತಿರ ಹೋಗಿ ತೀರಾ ಕಿರಿದಾಗುತ್ತದೆ. ಎಫ್ 2.8ಕ್ಕೆ ತೆರೆದು ಹಿನ್ನೆಲೆ ಮಸುಕಾಗಿಸಬೇಕು ಅಂದರೆ ಆರು ಸ್ಟಾಪ್ ಬೆಳಕು ತಡೆಯಬೇಕು (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ), ಅಂದರೆ ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು, ಎನ್‌ಡಿ 64 ಫಿಲ್ಟರ್. ಫೋನಿನಲ್ಲಿ ಶೂಟ್ ಮಾಡುವವರಿಗೂ ಎನ್‌ಡಿ ಬೇಕು. ಇಲ್ಲದಿದ್ದರೆ ಶಟರ್ ವೇಗ ಏರಿ ಕುಣಿತ ತುಂಡುತುಂಡಾಗಿ ಕಾಣುತ್ತದೆ.

[ತೆರೆಯ ಮೇಲೆ: ಶಾಟ್ ಡಿವಿಜನ್]

ನಾಲ್ಕು ನಿಮಿಷದ ಹಾಡು ಅಂದರೆ 240 ಸೆಕೆಂಡ್. ನಾಲ್ಕು ಸೆಕೆಂಡಿಗೊಂದು ಕಟ್ ಅಂದರೂ 60 ಶಾಟ್. ಗಾಬರಿ ಬೇಡ. ಮೊದಲು ಇಡೀ ಹಾಡನ್ನು ವೈಡ್‌ನಲ್ಲಿ (ಸುತ್ತಲ ಜಾಗವೆಲ್ಲ ಕಾಣುವಂತೆ) ಒಮ್ಮೆ, ಮಿಡ್‌ನಲ್ಲಿ (ಸೊಂಟದಿಂದ ಮೇಲೆ) ಒಮ್ಮೆ, ಕ್ಲೋಸ್‌ನಲ್ಲಿ (ಮುಖ ಮಾತ್ರ) ಒಮ್ಮೆ ತೆಗೆಯಿರಿ. ಆಮೇಲೆ ಏನೇ ಕೈಕೊಟ್ಟರೂ ಎಡಿಟಿಂಗ್‌ಗೆ ಒಂದು ಹಾಡು ಇದ್ದೇ ಇರುತ್ತದೆ. ಕೈ, ಕಾಲು, ಗೆಜ್ಜೆ, ಬಂಡೆಯ ಮೇಲಿನ ಹಲ್ಲಿ, ಇವೆಲ್ಲ ಬಿಜಿಎಂಗೆ, ಅಂದರೆ ಹಾಡಿನ ನಡುವೆ ಬರೀ ಸಂಗೀತ ಬರುವ ಕಡೆಗೆ. ಪಲ್ಲವಿ ಮತ್ತೆ ಮತ್ತೆ ಬರುತ್ತದಲ್ಲ, ಅದನ್ನು ಬೆಳಗ್ಗೆ, ನೆರಳಿನಲ್ಲಿ, ಸಂಜೆ, ಹೀಗೆ ಮೂರು ಬೆಳಕಿನಲ್ಲಿ ತೆಗೆಯಿರಿ. ಜಾಗ ಅದೇ ಆದರೂ ಹಾಡು ಮುಂದೆ ಹೋದ ಹಾಗೆ ಕಾಣುತ್ತದೆ.

[ದೃಶ್ಯ: ಕಲಾವಿದೆಯ ಪಕ್ಕ ಕಲ್ಲಿನ ಮೇಲೆ ಸ್ಪೀಕರ್.]

ಕಲಾವಿದರು ತುಟಿ ಆಡಿಸಲಿ ಅಂತ ಹಾಡು ಹಾಕುವ ಸ್ಪೀಕರ್ ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸ್ಪೀಕರ್ ಹಾಡುವವರ ಪಕ್ಕ ಇದ್ದು, ಕ್ಯಾಮೆರಾ 34 ಮೀಟರ್ ದೂರ ಇದ್ದರೆ, ಕ್ಯಾಮೆರಾದ ಮೈಕ್‌ಗೆ ಹಾಡು ಎರಡೂವರೆ ಫ್ರೇಮ್ ತಡವಾಗಿ ತಲುಪುತ್ತದೆ. ಎಡಿಟಿಂಗ್‌ನಲ್ಲಿ ತೆರೆಯ ಮೇಲೆ ಕಾಣುವ ಸದ್ದಿನ ಅಲೆ ನೋಡಿ ಹಾಡಿಗೆ ಹೊಂದಿಸಿದರೂ ತುಟಿ ಮುಂದೆ ಓಡುವುದು ಇದಕ್ಕೇ. ದೂರದ ಶಾಟ್‌ಗಳನ್ನು ತುಟಿ ನೋಡಿಯೇ ಹೊಂದಿಸಿ. ಬಂಡೆಗಳ ನಡುವೆ ಪ್ರತಿಧ್ವನಿಯೂ ಸೇರುತ್ತದೆ, ಸ್ಪೀಕರ್ ಸದ್ದು ಸ್ವಲ್ಪ ಕಮ್ಮಿ ಇಟ್ಟರೆ ಒಳ್ಳೆಯದು.

[ತೆರೆಯ ಮೇಲೆ: ಗಾಳಿ]

ದುರ್ಗದ ಗುಡ್ಡಗಳ ಮೇಲೆ ಇಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಥರ್ಮಕೋಲ್ ಹಿಡಿಯಲು ಇಬ್ಬರು ಬೇಕು. ಆದರೆ ಸಿನಿಮಾದವರು ದೊಡ್ಡ ಫ್ಯಾನ್ ತರಿಸಿ ಮಾಡುವ ಕೆಲಸ ನಮಗೆ ಬಿಟ್ಟಿ. ಉದ್ದ ಸೆರಗು, ತೆಳು ಬಟ್ಟೆ ಆರಿಸಿ. ಕ್ಯಾಮೆರಾವನ್ನು 50 ಫ್ರೇಮ್‌ಗೆ, ಶಟರನ್ನು 1/100ಕ್ಕೆ ಹಾಕಿ, ಹಾಡನ್ನು ಎರಡು ಪಟ್ಟು ವೇಗದಲ್ಲಿ ಪ್ಲೇ ಮಾಡಿ. ಕಲಾವಿದರು ಆ ವೇಗಕ್ಕೇ ತುಟಿ ಆಡಿಸಬೇಕು, ಮನೆಯಲ್ಲೇ ಪ್ರಾಕ್ಟೀಸ್ ಮಾಡಿಸಿ. ಎಡಿಟಿಂಗ್‌ನಲ್ಲಿ 25 ಫ್ರೇಮ್‌ಗೆ ಇಳಿಸಿದಾಗ ತುಟಿ ಹಾಡಿಗೆ ಸರಿಯಾಗಿ ಕೂರುತ್ತದೆ, ಸೆರಗು, ಕೂದಲು ಮಾತ್ರ ನಿಧಾನವಾಗಿ ತೇಲುತ್ತವೆ. ಎಷ್ಟು ಸಲ ನೋಡಿದರೂ ನನಗೆ ಇದು ಸಾಕಾಗುವುದಿಲ್ಲ. ವೇಗದ ಫೈಲನ್ನು ಮೊದಲೇ ಮಾಡಿ ಫೋನಿಗೆ ಹಾಕಿಕೊಳ್ಳಿ.

ಮಧ್ಯಾಹ್ನ ಬಂಡೆ ಸುಡುತ್ತದೆ. ಬರಿಗಾಲಿನ ಕುಣಿತವೆಲ್ಲ ಬೆಳಗ್ಗೆಯೇ ಆಗಲಿ. ಕುಡಿಯುವ ನೀರು, ಮಜ್ಜಿಗೆ ಧಾರಾಳವಾಗಿ ಇರಲಿ. ದುಡ್ಡು ಕೊಡಲಾಗದೆ ಸ್ನೇಹಕ್ಕೆ ಬಂದವರಿಗೆ ಊಟವಾದರೂ ಹೊತ್ತಿಗೆ ಸರಿಯಾಗಿ ಕೊಡಬೇಕು.

[ದೃಶ್ಯ: ಲ್ಯಾಪ್‌ಟಾಪ್, ಪಕ್ಕದಲ್ಲಿ ಎರಡು ಹಾರ್ಡ್ ಡಿಸ್ಕ್.]

ಸಂಜೆ ಪ್ಯಾಕಪ್ ಆದ ಮೇಲೆ ಮಂಡಕ್ಕಿ ಮಿರ್ಚಿಗೆ ಹೊರಡುವ ಮುಂಚೆ ಕ್ಯಾಮೆರಾದ ಮೆಮೊರಿ ಕಾರ್ಡನ್ನು ಎರಡು ಕಡೆ ಕಾಪಿ ಮಾಡಿ. ಫೈಲ್‌ಗಳನ್ನು ತೆರೆದು ನಡುವೆ ಎಲ್ಲಾದರೂ ಒಮ್ಮೆ ಪ್ಲೇ ಮಾಡಿ ನೋಡಿ. ಎರಡೂ ಕಡೆ ಸರಿ ಇದ್ದರೆ ಮಾತ್ರ ಕಾರ್ಡ್ ಫಾರ್ಮ್ಯಾಟ್ ಮಾಡಿ.