ಕಾರಿನ ವೈರ್ ಕಡಿದ ಹೆಗ್ಗಣ, ಆಸ್ಟ್ರೇಲಿಯಾಗೆ ಹೋದ ಅದರ ಹೆಸರು

ಬಾನೆಟ್ ಒಳಗೆ ನೋಡಿ. ಆ ಕಪ್ಪು ವೈರು ಕಾಣುತ್ತಿದೆ ಅಲ್ವಾ? ರಾತ್ರಿ ಹೆಗ್ಗಣ ಕಡಿದುಹಾಕಿದೆ. ಮೇಲಿನ ಪ್ಲಾಸ್ಟಿಕ್ ಪೂರ್ತಿ ಹೋಗಿ, ತಾಮ್ರದ ಎಳೆ ಹೊರಗೆ ಬಂದಿದೆ. ಮೆಕ್ಯಾನಿಕ್ ಬರುವವರೆಗೆ ಈ ಹೆಗ್ಗಣದ ಹೆಸರಿನ ಕಥೆ ಕೇಳಿ.

ಇಂಗ್ಲಿಷಿನಲ್ಲಿ ಇದನ್ನು ಬ್ಯಾಂಡಿಕೂಟ್ ಅಂತಾರೆ. ಆ ಪದ ಹೋಗಿದ್ದು ತೆಲುಗಿನಿಂದ. ಪಂದಿ ಅಂದರೆ ಹಂದಿ, ಕೊಕ್ಕು ಅಂದರೆ ಇಲಿ. ಪಂದಿಕೊಕ್ಕು! ಹಳಗನ್ನಡದಲ್ಲಿ ನಾವೂ ಪಂದಿ ಅಂತಲೇ ಅನ್ನುತ್ತಿದ್ದೆವು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಂದಿ ಹಂದಿಯಾಯಿತು. ಮೂಲೆಗೆ ಸಿಕ್ಕಿದ ಹೆಗ್ಗಣ ಹಂದಿಯ ಹಾಗೇ ಗುರುಗುಡುತ್ತದೆ. ತೆಲುಗಿನವರು ಸರಿಯಾದ ಹೆಸರನ್ನೇ ಇಟ್ಟಿದ್ದಾರೆ.

ಹಾಂ, ರೇಟು ಕೇಳಿ. ಮೊದಲು ಹೋದ ಗ್ಯಾರೇಜಿನಲ್ಲಿ ವೈರಿಂಗ್ ಪೂರ್ತಿ ಬದಲಾಯಿಸಬೇಕು, 14,000 ಆಗುತ್ತದೆ ಅಂದರು. ಕಡಿದಿರುವುದು ಎರಡೇ ವೈರು! ಬಾನೆಟ್ ಎತ್ತಿದರು, ಒಂದು ಸಲ ಬಗ್ಗಿ ನೋಡಿದರು, ಮೊತ್ತ ಹೇಳಿಬಿಟ್ಟರು. ಯಾವ ವೈರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಉತ್ತರವೇ ಇಲ್ಲ. ಈಗ ಬರುತ್ತಿರುವವರು ಜೋಡಿಸಿ, ಮೇಲೆ ಸ್ಲೀವ್ ಹಾಕಿ ಕೊಡುತ್ತೇನೆ, 1,200 ಸಾಕು ಅಂದಿದ್ದಾರೆ. ಎಷ್ಟು ವ್ಯತ್ಯಾಸ ನೋಡಿ! ದಯವಿಟ್ಟು ಇನ್ನೊಂದು ಕಡೆ ವಿಚಾರಿಸದೆ ದುಡ್ಡು ಕೊಡಬೇಡಿ.

ಬೆಳಿಗ್ಗೆ ಸಿಟ್ಟಿನಲ್ಲಿ ವಿಷ ತಂದಿಡಬೇಕು ಅಂದುಕೊಂಡಿದ್ದೆ. ಈಗ ಬೇಡ ಅನ್ನಿಸುತ್ತಿದೆ. ವಿಷ ತಿಂದ ಹೆಗ್ಗಣವನ್ನು ಬೆಕ್ಕು, ಗೂಬೆ ತಿಂದರೆ ಅವೂ ಸಾಯಬಹುದು. ಬೋನು ಇಡುತ್ತೇನೆ. ಪಕ್ಕದ ಮನೆ ಅಂಕಲ್ ಹೊಗೆಸೊಪ್ಪು ಕಟ್ಟು ಅಂದರು. ಅದನ್ನೂ ಕಟ್ಟುತ್ತೇನೆ.

ಎಲ್ಲಿದ್ದೆ? ಆಸ್ಟ್ರೇಲಿಯಾ. ಅಲ್ಲಿಗೆ ಹೋದ ಇಂಗ್ಲಿಷರು ಉದ್ದ ಮೂತಿಯ ಒಂದು ಪ್ರಾಣಿಗೂ ಬ್ಯಾಂಡಿಕೂಟ್ ಅಂತ ಕರೆದುಬಿಟ್ಟರು. ಅದು ಇಲಿಯ ಜಾತಿಯೇ ಅಲ್ಲ. ಕಾಂಗರೂ ಥರ ಹೊಟ್ಟೆಚೀಲದಲ್ಲಿ ಮರಿ ಸಾಕುತ್ತದೆ. ಚೀಲದ ಬಾಯಿ ಹಿಂದಕ್ಕೆ ಇರುತ್ತದೆ, ನೆಲ ಅಗೆಯುವಾಗ ಮರಿಗಳ ಮೇಲೆ ಮಣ್ಣು ಬೀಳುವುದಿಲ್ಲ. ಎಷ್ಟು ಚೆನ್ನಾಗಿದೆ ಅಲ್ವಾ? ಅಂಥ ಪ್ರಾಣಿಗೆ ನಮ್ಮ ಹೆಗ್ಗಣದ ಹೆಸರು ಅಂಟಿಸಿದ್ದು ಅನ್ಯಾಯ. ಅಲ್ಲಿನವರು ಆ ಹೆಸರನ್ನು ಕ್ರಿಯಾಪದವಾಗಿಯೂ ಮಾಡಿಕೊಂಡಿದ್ದಾರೆ. ಗಿಡ ಅಲ್ಲಾಡದ ಹಾಗೆ ಬುಡದಿಂದ ಆಲೂಗಡ್ಡೆ ಕದ್ದರೆ, ಬ್ಯಾಂಡಿಕೂಟ್ ಮಾಡಿದ ಅಂತಾರೆ. ಈ ಬಳಕೆ ಮಾತ್ರ ನನಗೆ ತುಂಬಾ ಇಷ್ಟ.

ಓ, ಮೆಕ್ಯಾನಿಕ್ ಬಂದರು. ಅಣ್ಣಾ, ಬನ್ನಿ, ಇಲ್ಲೇ ಬ್ಯಾಟರಿ ಪಕ್ಕ.