ಗದ್ದೆಗೆ ಇಳಿಯುವ ಕಾಲಿಗೆ ಒಂದು ಮಾತು: ಆರೋಗ್ಯ ಇಲಾಖೆಯ ಸುದ್ದಿ ಬರೆಯುವ ಕೆಲಸ

[ದೃಶ್ಯ: ಮಳೆಯಲ್ಲಿ ನಾಟಿ ಗದ್ದೆ. ಕೆಸರಿನಲ್ಲಿ ಬರಿಗಾಲು.]

ನಮಸ್ಕಾರ. ಈ ಕಾಲನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹಿಮ್ಮಡಿ ಒಡೆದಿದೆ. ಹೆಬ್ಬೆರಳ ಪಕ್ಕ ಜಿಗಣೆ ಕಚ್ಚಿದ ಜಾಗದಲ್ಲಿ ಇನ್ನೂ ರಕ್ತ ಜಿನುಗುತ್ತಿದೆ. ಕೊಡಗಿನ ಮಳೆಗಾಲದಲ್ಲಿ ಇದನ್ನು ಯಾರೂ ಗಾಯ ಅಂತ ಲೆಕ್ಕಕ್ಕೇ ಇಡುವುದಿಲ್ಲ. ಇಲಿ ಜ್ವರಕ್ಕೆ ಇಷ್ಟು ದಾರಿ ಸಾಕು. ಇಲಿ, ದನ, ನಾಯಿಗಳ ಮೂತ್ರದಿಂದ ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾ ನೀರಿಗೆ, ಕೆಸರಿಗೆ ಸೇರುತ್ತದೆ. ಒಡೆದ ಚರ್ಮ ಸಿಕ್ಕಿದರೆ ಒಳಗೆ ಹೊಕ್ಕುತ್ತದೆ.

ಈ ಮಾತನ್ನು ಆ ಕಾಲಿನ ಯಜಮಾನನಿಗೆ ಮುಟ್ಟಿಸುವವರ ಕೆಲಸದ ಬಗ್ಗೆ ಇವತ್ತು ಹೇಳುತ್ತೇನೆ. ಆರೋಗ್ಯ ಇಲಾಖೆಯಲ್ಲಿ ಇದಕ್ಕೆ ಐಇಸಿ ಅಂತಾರೆ: ಮಾಹಿತಿ, ಶಿಕ್ಷಣ, ಸಂವಹನ. ಪತ್ರಿಕಾ ಪ್ರಕಟಣೆ, ಕರಪತ್ರ, ಜಾಥಾ, ರೇಡಿಯೋ ಮಾತು ಎಲ್ಲ ಇದರೊಳಗೇ. ಕೆಲವು ಮಳೆಗಾಲ ನಾನೂ ಈ ಬರವಣಿಗೆ ಮಾಡಿದ್ದೇನೆ.

[ದೃಶ್ಯ: ಟೈಪ್ ಮಾಡಿದ ಹಾಳೆ, ಮೇಲೆ ಕೆಂಪು ಪೆನ್ನಿನ ಗೀಟು.]

ನನ್ನ ಮೊದಲ ಪ್ರಕಟಣೆ ಮುಗಿದದ್ದು ಹೀಗೆ: ‘ಸಾರ್ವಜನಿಕರು ಸೂಕ್ತ ಮುನ್ನೆಚ್ಚರಿಕೆ ಕ್ರಮಗಳನ್ನು ಕೈಗೊಂಡು ಇಲಾಖೆಯೊಂದಿಗೆ ಸಹಕರಿಸಲು ಕೋರಿದೆ.’ ಹಿರಿಯ ಆಶಾ ಕಾರ್ಯಕರ್ತೆಯೊಬ್ಬರು ಅದನ್ನು ಎರಡು ಸಲ ಓದಿದರು. ‘ಸಾರ್, ಇದನ್ನ ಹಿಡ್ಕೊಂಡು ಮನೆಮನೇಲಿ ಏನಂತ ಹೇಳ್ಲಿ?’ ಅಂದರು.

ಅವರನ್ನೇ ಪಕ್ಕ ಕೂರಿಸಿಕೊಂಡು ಮತ್ತೆ ಬರೆದೆವು. ‘ಗದ್ದೆಗೆ ಇಳಿಯುವ ಮೊದಲು ಕಾಲಿನ ಗಾಯ ಮುಚ್ಚಿ. ಗಂಬೂಟು ಇದ್ದರೆ ಹಾಕಿ. ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಕಾಲು ತೊಳೆಯಿರಿ. ಜ್ವರದ ಜೊತೆ ಮೀನಖಂಡ ನೋಯುತ್ತಿದ್ದರೆ, ಕಣ್ಣು ಕೆಂಪಾದರೆ ಅಂಗಡಿ ಮಾತ್ರೆ ನುಂಗಿ ಮಲಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಗದ್ದೆ ಕೆಲಸ ಮಾಡಿದ್ದೇನೆ ಅಂತ ಡಾಕ್ಟರಿಗೆ ಹೇಳಿ.’

ಆ ಕೊನೆಯ ಸಾಲು ಜೀವ ಉಳಿಸುವ ಸಾಲು. ಶುರುವಿನಲ್ಲಿ ಇಲಿ ಜ್ವರ ಬೇರೆ ಯಾವ ಜ್ವರದ ಹಾಗೂ ಕಾಣಬಹುದು. ಸೋಂಕು ತಗುಲಿ ಜ್ವರ ಬರಲು 2 ದಿನದಿಂದ 30 ದಿನದವರೆಗೂ ಹಿಡಿಯಬಹುದು. ಅಷ್ಟರಲ್ಲಿ ನಾಟಿಯೇ ಮುಗಿದಿರುತ್ತದೆ, ಗದ್ದೆಯ ನೆನಪು ಯಾರಿಗೂ ಬರುವುದಿಲ್ಲ. ಬೇಗ ಗೊತ್ತಾದರೆ ಆಂಟಿಬಯೋಟಿಕ್‌ನಿಂದ ಗುಣವಾಗುತ್ತದೆ. ತಡವಾದರೆ ಕಿಡ್ನಿ, ಲಿವರ್‌ಗೇ ಹೊಡೆತ ಬೀಳಬಹುದು.

[ದೃಶ್ಯ: ಕಾಫಿ ತೋಟದ ಕೆಲಸಗಾರರು ಇರುವ ಲೈನ್ ಮನೆಗಳು.]

ಭಾಷೆಯ ವಿಷಯದಲ್ಲಿ ನಾವು ಎಡವಿದ್ದೇವೆ. ಕಚೇರಿಯ ಕಾಗದ ಕನ್ನಡದಲ್ಲಿ. ಮನೆಯೊಳಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ. ಲೈನ್ ಮನೆಗಳಲ್ಲಿ ಈಗ ಅಸ್ಸಾಮಿ, ಬಂಗಾಳಿಯೂ ಕೇಳುತ್ತದೆ. ಒಂದು ವರ್ಷ ಕನ್ನಡದ ಕರಪತ್ರ ಮಾತ್ರ ಹಂಚಿದೆವು. ವಾರ ಬಿಟ್ಟು ಹೋದಾಗ ಒಂದು ಮನೆಯಲ್ಲಿ ಅದು ಅಕ್ಕಿ ಡಬ್ಬದ ಕೆಳಗೆ ನೀಟಾಗಿ ಹಾಸಿತ್ತು. ಅವರದೇನೂ ತಪ್ಪಿಲ್ಲ. ಆಮೇಲೆ ಅಲ್ಲಿನ ಹುಡುಗನೊಬ್ಬನ ದನಿಯಲ್ಲೇ ಅರ್ಧ ನಿಮಿಷದ ಆಡಿಯೋ ಮಾಡಿಸಿ, ಮೇಸ್ತ್ರಿಯ ವಾಟ್ಸಾಪ್ ಗ್ರೂಪಿಗೆ ಹಾಕಿಸಿದೆವು. ಶುಕ್ರವಾರದ ಮಡಿಕೇರಿ ಸಂತೆಗೆ ಮೈಕ್ ಕಟ್ಟಿದ ಆಟೋ. ಕರೆಂಟು, ಟವರ್ ಎರಡೂ ಹೋದ ದಿನಕ್ಕೆ ಬ್ಯಾಟರಿ ರೇಡಿಯೋ, ಅಂದರೆ ಆಕಾಶವಾಣಿ ಮಡಿಕೇರಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ದಿನಗಳನ್ನು ಕಂಡವರಿಗೆ ರೇಡಿಯೋ ಯಾಕೆ ಬೇಕು ಅಂತ ವಿವರಿಸಬೇಕಿಲ್ಲ.

ಸಂಜೆ ವರದಿಗಾರರ ಫೋನು. ‘ಎಷ್ಟು ಕೇಸು? ಯಾವ ಊರು?’ ಶಂಕಿತ ಎಷ್ಟು, ದೃಢಪಟ್ಟದ್ದು ಎಷ್ಟು ಅಂತ ಬೇರೆ ಬೇರೆಯಾಗಿಯೇ ಹೇಳಬೇಕು. ಎರಡನ್ನೂ ಕೂಡಿಸಿದರೆ ಬೆಳಗ್ಗೆ ಊರೆಲ್ಲ ಗಾಬರಿ. ಊರಿನ ಹೆಸರನ್ನು ನಾನು ಕೊಡುತ್ತಿರಲಿಲ್ಲ, ತಾಲ್ಲೂಕಿಗೇ ನಿಲ್ಲಿಸುತ್ತಿದ್ದೆ. ನಮ್ಮ ಜಿಲ್ಲೆಯಲ್ಲಿ ಊರು, ವಯಸ್ಸು ಎರಡು ಸಿಕ್ಕರೆ ಮನೆ ಹೆಸರು ಹೊತ್ತು ಮುಳುಗುವುದರೊಳಗೆ ಬಯಲು. ಆಮೇಲೆ ಆ ಮನೆಗೆ ಹಾಲು ಹಾಕುವವನೂ ಹಿಂದೆಮುಂದೆ ನೋಡುತ್ತಾನೆ. ಪಕ್ಕದ ಮನೆಯವರು ಜ್ವರ ಬಂದರೂ ಬಾಯಿ ಬಿಡುವುದಿಲ್ಲ.

2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕೋಡಿನಲ್ಲಿ ನಿಫಾ ಬಂತು, ಬಾವಲಿಯಿಂದ ಹರಡುವ ವೈರಸ್ ಕಾಯಿಲೆ. ಗಡಿ ಇರುವುದು ಮಾಕುಟ್ಟದಲ್ಲಿ, ಹತ್ತಿರದಲ್ಲೇ. ಇಂಥ ಹೊತ್ತಿನಲ್ಲಿ ‘ಹಣ್ಣೇ ತಿನ್ನಬೇಡಿ’ ಅನ್ನುವ ಮೆಸೇಜು ಹರಿದಾಡುವ ಮೊದಲು ಸರಿಯಾದ ಮಾತು ಹೊರಡಬೇಕು: ಬಾವಲಿ ಕಚ್ಚಿದ ಗುರುತಿರುವ ಹಣ್ಣು ಬಿಸಾಡಿ, ಉಳಿದದ್ದನ್ನು ತೊಳೆದು, ಸಿಪ್ಪೆ ತೆಗೆದು ತಿನ್ನಿ.

[ದೃಶ್ಯ: ಮತ್ತೆ ಅದೇ ಗದ್ದೆ, ಸಂಜೆ. ನಲ್ಲಿಯ ಕೆಳಗೆ ಕಾಲು ತೊಳೆಯುತ್ತಿರುವ ಹೆಂಗಸು.]

ನಿಮ್ಮ ಮನೆಯಲ್ಲಿ ಈ ತಿಂಗಳು ಗದ್ದೆಗೆ ಇಳಿದವರಿಗೆ ಜ್ವರ ಇದೆಯಾ? ವಿಡಿಯೋ ಇಲ್ಲಿಗೇ ನಿಲ್ಲಿಸಿ, ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗದ್ದೆಯ ಮಾತು ಹೇಳಲು ಮರೆಯಬೇಡಿ.