ತೊಗಟೆಯೂ ಮುರಕಲ್ಲೂ: ನಮ್ಮ ಕಾಡು ಆರ್ಕಿಡ್‌ಗಳ ನೆಲೆ

ಹಿರಿಯರೇ, ಸ್ನೇಹಿತರೇ,

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಆಸುಪಾಸಿನಲ್ಲಿ ಹಳೆಯ ಮಾವು, ಹೆಬ್ಬಲಸಿನ ಕೊಂಬೆಗಳಿಂದ ನಸುಗೆಂಪು ಚುಕ್ಕೆಯ ಬಿಳಿ ಹೂಗೊಂಚಲನ್ನು ಇಳಿಬಿಡುವ ಸೀತಾಳೆ ಎಂಬ ಆರ್ಕಿಡ್‌ ಅನ್ನು ನೀವೆಲ್ಲ ನೋಡಿದ್ದೀರಿ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ನಮ್ಮ ದೇಶದಲ್ಲಿ 1,256 ಬಗೆಯ ಆರ್ಕಿಡ್‌ಗಳಿದ್ದು, ಅವುಗಳಲ್ಲಿ 757 ಮರದ ಮೇಲೆ ಬದುಕುವಂಥವು, 447 ನೆಲದಲ್ಲಿ ಬೆಳೆಯುವಂಥವು. ಕಾಸರಗೋಡಿನಲ್ಲಿ ಎರಡು ಬಗೆಯವೂ ಇವೆ. ಹೂವಿನ ಚೆಲುವಿನ ಮಾತನ್ನು ಬದಿಗಿಟ್ಟು, ಇವು ಎಂಥ ಜಾಗದಲ್ಲಿ, ಯಾವ ಸ್ಥಿತಿಯಲ್ಲಿ ಬದುಕುತ್ತವೆ ಎಂಬುದನ್ನಷ್ಟೇ ಇಂದು ಹೇಳುತ್ತೇನೆ. ನಮ್ಮ ಕೈತಪ್ಪುತ್ತಿರುವುದು ಮುಖ್ಯವಾಗಿ ಆ ಜಾಗವೇ.

ಮಾವಿನ ಮರ ಸವರುವಾಗ ಬಂದಣಿಕೆಯ ಜೊತೆಗೆ ಸೀತಾಳೆಯನ್ನೂ ಕಡಿದು ಹಾಕುವುದು ನಮ್ಮಲ್ಲಿ ಸಾಮಾನ್ಯ. ಬಂದಣಿಕೆ ಮರದೊಳಕ್ಕೇ ಬೇರಿಳಿಸಿ ಸಾರ ಹೀರುತ್ತದೆ. ಆರ್ಕಿಡ್‌ನ ಬೇರು ತೊಗಟೆಯ ಹೊರಮೈಗೆ ಅಂಟಿಕೊಂಡಿರುತ್ತದೆಯೇ ಹೊರತು ಒಳಹೋಗುವುದಿಲ್ಲ. ಆ ಬೇರನ್ನು ಬೇಸಗೆಯಲ್ಲಿ ಹತ್ತಿರದಿಂದ ನೋಡಬೇಕು. ಬೂದುಬಿಳುಪಾಗಿರುವ ಅದರ ಮೇಲೆ ನಾಲ್ಕು ಹನಿ ನೀರು ಬಿಟ್ಟರೆ, ನೋಡುತ್ತಿದ್ದಂತೆಯೇ ಹಸಿರಾಗುತ್ತದೆ. ವೆಲಮೆನ್ ಎಂಬ ಅದರ ಹೊರಪದರ ಸತ್ತ ಕೋಶಗಳದ್ದು. ಒಣಗಿದ್ದಾಗ ಅವುಗಳಲ್ಲಿ ಗಾಳಿ ತುಂಬಿ ಬಿಳಿಯಾಗಿ ಕಾಣುತ್ತದೆ, ನೀರು ತುಂಬಿದಾಗ ಒಳಗಿನ ಹಸಿರು ಹೊರಗೆ ತೋರುತ್ತದೆ. ತೊಗಟೆಯ ಮೇಲೆ ಹರಿಯುವ ಮಳೆನೀರು, ಅದರೊಡನೆ ಬರುವ ಧೂಳು, ಕೊಳೆತ ಎಲೆ, ಹಕ್ಕಿಯ ಹಿಕ್ಕೆಗಳ ಸಾರ, ಇಷ್ಟರಲ್ಲೇ ಈ ಗಿಡದ ಸಂಸಾರ ಸಾಗಬೇಕು. ಗಾಳಿಯಾಡದ ಜಾಗದಲ್ಲಿ ಸದಾ ಒದ್ದೆಯಾಗಿದ್ದರೆ ಬೇರು ಕೊಳೆಯುತ್ತದೆ.

ಆರ್ಕಿಡ್ ಎಂದರೆ ತಂಪು, ತೇವ ಎಂಬ ನಂಬಿಕೆ ನಮ್ಮೂರಿನ ಮಟ್ಟಿಗೆ ಅರ್ಧ ಸತ್ಯ. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದಾದರೂ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಡಿಸೆಂಬರ್‌ನಿಂದ ಮುಂದಿನ ತಿಂಗಳುಗಳನ್ನು ಇಬ್ಬನಿಯ ಆಸರೆಯಲ್ಲೇ ಕಳೆಯಬೇಕು. ಸೀತಾಳೆಯ ದಪ್ಪ ಎಲೆ ನೀರು ಕಾಪಿಡುವುದಕ್ಕೆಂದೇ ಆದದ್ದು. ಮರದ ಮೇಲಿನ ಹಲವು ಆರ್ಕಿಡ್‌ಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ಮಾತ್ರ ತೆರೆಯುತ್ತವೆ. ಡೆಂಡ್ರೋಬಿಯಂ ಓವೇಟಮ್ ಇನ್ನೂ ಮುಂದೆ ಹೋಗಿ, ಮಳೆ ನಿಂತ ಮೇಲೆ ಎಲೆಗಳನ್ನೇ ಉದುರಿಸಿ, ಚಳಿಗಾಲದಲ್ಲಿ ಬರಿಯ ಕಾಂಡದ ಮೇಲೆ ಕೆನೆಬಣ್ಣದ ಹೂ ಬಿಡುತ್ತದೆ. ಅದನ್ನು ಕಿತ್ತು ತಂದು ಚಟ್ಟಿಯಲ್ಲಿಟ್ಟು ವರ್ಷವಿಡೀ ನೀರು ಹೊಯ್ಯುವುದು ಉಪಚಾರವಲ್ಲ, ಶಿಕ್ಷೆ.

ಯಾವ ಮರ ಎಂಬುದೂ ಮುಖ್ಯ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಹೊರಬಂದ ‘ಹಾರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಸೀತಾಳೆ ‘ಅಂಜಿಲಿ ಮರವಾಳ’ ಎಂದೂ ಸಿಂಬಿಡಿಯಂ ಅಲಾಯ್‌ಫೋಲಿಯಂ ಎಂಬ ಇನ್ನೊಂದು ಆರ್ಕಿಡ್ ‘ಕಾಂಞಿರ ಮರವಾಳ’ ಎಂದೂ ದಾಖಲಾಗಿವೆ. ಅಂಜಿಲಿ ನಮ್ಮ ಹೆಬ್ಬಲಸು, ಕಾಂಞಿರ ನಮ್ಮ ಕಾಸರಕ. ಹಾಗೆಂದು ಇವು ಆ ಒಂದೊಂದು ಮರಕ್ಕೇ ಕಟ್ಟುಬಿದ್ದವಲ್ಲ. ಸಿಂಬಿಡಿಯಂ ಮಾವಿನ ಮೇಲೂ ಹಲಸಿನ ಮೇಲೂ ಬೆಳೆಯುತ್ತದೆ. ಬೇಕಾದದ್ದು ಒರಟಾದ, ಬಿರುಕುಗಳಿರುವ, ವರ್ಷವರ್ಷವೂ ಸುಲಿದು ಬೀಳದ ತೊಗಟೆ. ತೊಗಟೆ ಸುಲಿಯುವ ಪೇರಳೆಯಲ್ಲಿ ಆರ್ಕಿಡ್ ನೆಲೆಯೂರುವುದು ಕಷ್ಟ. ಇಪ್ಪತ್ತೈದು ಮೂವತ್ತು ವರ್ಷಕ್ಕೊಮ್ಮೆ ಪೂರ್ತಿ ಕಡಿದು ಮತ್ತೆ ನೆಡುವ ರಬ್ಬರ್ ತೋಟದಲ್ಲಿ ತೊಗಟೆಗೆ ಹಳತಾಗಲು ಅವಕಾಶವೇ ಇಲ್ಲ. ನಾಗಬನಗಳಲ್ಲಿ ಮುದಿಮರಗಳು ಉಳಿದಿರುವುದರಿಂದ ಇವೂ ಅಲ್ಲಿ ಉಳಿದಿವೆ.

ಇನ್ನು ಬೀಜದ ವಿಚಾರ. ಒಂದು ಕಾಯಿಯಲ್ಲಿ ಸಾವಿರಾರು, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜಗಳಿರುತ್ತವೆ; ಗಾಳಿಗೆ ಬೂದಿಯಂತೆ ಹಾರುತ್ತವೆ. ಆದರೆ ಮೊಳಕೆಗೆ ಬೇಕಾದ ಬುತ್ತಿ ಅವುಗಳೊಳಗಿಲ್ಲ. ತೊಗಟೆಯಲ್ಲೋ ಮಣ್ಣಿನಲ್ಲೋ ಇರುವ, ತನಗೆ ಹೊಂದುವ ಶಿಲೀಂಧ್ರವೊಂದು ಒಳಸೇರಿ ಆಹಾರ ಒದಗಿಸಿದರೆ ಮಾತ್ರ ಬೀಜ ಮೊಳೆಯುತ್ತದೆ. ಫ್ರಾನ್ಸಿನ ನೋಯೆಲ್ ಬರ್ನಾರ್ಡ್ 1899ರಲ್ಲಿ ಇದನ್ನು ಕಂಡುಕೊಂಡರು. ಅಡಿಕೆಯ ಕೊಳೆರೋಗಕ್ಕೆ ನಾವು ಬಿಡುವ ಬೋರ್ಡೋ ದ್ರಾವಣ ಶಿಲೀಂಧ್ರವನ್ನು ಕೊಲ್ಲುವ ಮದ್ದು ಎಂಬುದನ್ನು ಇಲ್ಲಿ ನೆನೆಯಬೇಕು. ಅದರಲ್ಲಿರುವ ತಾಮ್ರ ಆರ್ಕಿಡ್‌ಗಳಿಗೆ, ಅದರಲ್ಲೂ ಡೆಂಡ್ರೋಬಿಯಂಗಳಿಗೆ ಒಗ್ಗದು ಎಂಬುದು ಅವುಗಳನ್ನು ಬೆಳೆಸುವವರ ಹಳೆಯ ಅನುಭವ. ಮದ್ದು ಬಿಡಬೇಡಿ ಎಂದು ಕೃಷಿಕರಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳುವುದು ನ್ಯಾಯವೂ ಅಲ್ಲ. ತೋಟದ ಅಂಚಿನ ಮಾವು, ಹಲಸಿನತ್ತ ಸಿಂಪರಣೆ ತಿರುಗದಂತೆ ನೋಡಿಕೊಳ್ಳಬಹುದು.

ನೆಲದ ಆರ್ಕಿಡ್‌ಗಳ ಸ್ಥಿತಿ ಇನ್ನೂ ನಾಜೂಕು. ಪೊಸಡಿ ಗುಂಪೆ, ಅನಂತಪುರದಂಥ ಕಡೆಗಳಲ್ಲಿ ಕಾಣುವ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹರವು ಬೇಸಗೆಯಲ್ಲಿ ಕಾದ ಬಂಡೆ. ಅದರ ಕುಳಿಗಳಲ್ಲಿ ನಾಲ್ಕು ಬೆರಳು ಮಣ್ಣಿದ್ದರೆ ಹೆಚ್ಚು. ಪಶ್ಚಿಮ ಕರಾವಳಿಯ ಇಂಥ ಪದವುಗಳಲ್ಲಿ ಬೆಳೆಯುವ ಹ್ಯಾಬೆನೇರಿಯಾ ಎಂಬ ನೆಲದ ಆರ್ಕಿಡ್‌ಗಳು ಒಣ ತಿಂಗಳುಗಳನ್ನು ಮಣ್ಣಿನಡಿಯ ಗಡ್ಡೆಯಾಗಿ ಕಳೆದು, ಮಳೆ ಬಿದ್ದೊಡನೆ ಚಿಗುರುತ್ತವೆ. ಹ್ಯಾಬೆನೇರಿಯಾ ಗ್ರ್ಯಾಂಡಿಫ್ಲೋರಿಫಾರ್ಮಿಸ್‌ನ ಒಂದೋ ಎರಡೋ ದುಂಡನೆಯ ಎಲೆಗಳು ನೆಲಕ್ಕೆ ಒತ್ತಿಕೊಂಡಿರುತ್ತವೆ, ನಡುವಿನಿಂದ ಬಿಳಿಹೂವಿನ ಗಿಡ್ಡ ದಂಟು ಏಳುತ್ತದೆ. ಹುಲ್ಲು ಎತ್ತರವಾಗುವ ಮೊದಲೇ ಅದು ಹೂಬಿಟ್ಟಾಗಿರುತ್ತದೆ. ಸರಕಾರಿ ಕಡತಗಳಲ್ಲಿ ಈ ಪದವುಗಳಿಗೆ ಪಾಳುಭೂಮಿ ಎಂಬ ಹಣೆಪಟ್ಟಿ ಬೀಳುವುದುಂಟು. ಕಲ್ಲಿನ ಕೋರೆ ತೆರೆಯುವಾಗ ಮೊದಲು ಕೆರೆದು ತೆಗೆಯುವುದು ಆ ನಾಲ್ಕು ಬೆರಳು ಮಣ್ಣನ್ನೇ, ಅಂದರೆ ಗಡ್ಡೆಯನ್ನೂ ಶಿಲೀಂಧ್ರವನ್ನೂ ಒಟ್ಟಿಗೆ.

ಗಾಳಿಮಳೆಗೆ ಕೊಂಬೆ ಮುರಿದು ಸೀತಾಳೆ ನೆಲಕ್ಕೆ ಬಿದ್ದಿದ್ದರೆ ಏನು ಮಾಡಬೇಕು ಎಂದು ಹಲವರು ಕೇಳುತ್ತಾರೆ. ಬೇರನ್ನು ಕೀಳದೆ, ಅಂಟಿಕೊಂಡ ತೊಗಟೆಯ ತುಂಡಿನೊಡನೆಯೇ ಎತ್ತಿ, ಅದೇ ಜಾತಿಯ ಇನ್ನೊಂದು ಮರದಲ್ಲಿ, ಮೊದಲಿದ್ದಷ್ಟೇ ಬೆಳಕು ಬೀಳುವ ಕಡೆ, ಹತ್ತಿಯ ದಾರದಿಂದಲೋ ತೆಂಗಿನ ನಾರಿನ ಹಗ್ಗದಿಂದಲೋ ಅಲುಗಾಡದಂತೆ ಕಟ್ಟಬೇಕು. ಮಣ್ಣು, ಗೊಬ್ಬರ ಮೆತ್ತಬಾರದು. ಮಳೆಗಾಲದಲ್ಲೇ ಕಟ್ಟಿದರೆ, ದಾರ ಕೊಳೆತು ಉದುರುವ ಹೊತ್ತಿಗೆ ಹೊಸ ಬೇರು ತೊಗಟೆ ಹಿಡಿದಿರುತ್ತದೆ.